ಯಾರ ಕೈಯ ಮೈಲಿಗೆ?

ಮಡಿ ಕಾಯುವುದು ಮಡಿಯುಟ್ಟವರನ್ನೇ. ಉಳಿದವರ ಸೋಂಕು ತಮಗೆ ತಗಲದಿರಲಿ ಎಂದು ಅವರು ಸರಿದು ನಡೆಯುತ್ತಾರೆ. ಮೈಲಿಗೆ ಯಾವಾಗಲೂ ಎದುರಿನವರದು. ವಿಜಯಪುರದ ಜಿಲ್ಲಾಸ್ಪತ್ರೆಯಂಥ ಕಡೆ ಆಪರೇಷನ್ ಆದವರ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ನರ್ಸ್ ಪಾಲಿಸಬೇಕಾದ ಶುಚಿ ಇದಕ್ಕೆ ತೀರಾ ಉಲ್ಟಾ. ತಿಕೋಟಾದಿಂದ ಹೆರಿಗೆಗೆ ಬಂದು ಸಿಸೇರಿಯನ್ ಆದವಳ ಹೊಲಿಗೆ ಮುಟ್ಟುವ ಮುನ್ನ ನರ್ಸ್ ಅನುಮಾನಿಸುವುದು ತನ್ನ ಕೈಯನ್ನೇ. ಹ್ಯಾಂಡ್‌ರಬ್ ಹಾಕಿಕೊಂಡು ಅಂಗೈ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ ಎಂದು 20–30 ಸೆಕೆಂಡು ತಿಕ್ಕಬೇಕು. ಹಳೆಯ ಪಟ್ಟಿ ಬಿಚ್ಚಿದ ಗ್ಲೌಸ್ ಎಸೆದು ಮತ್ತೆ ಕೈ ತಿಕ್ಕಿ ಹೊಸ ಗ್ಲೌಸ್ ಹಾಕಿಕೊಳ್ಳಬೇಕು. ಇಷ್ಟೆಲ್ಲ ಮುಟ್ಟದೆ ಇರುವುದಕ್ಕಲ್ಲ, ಮುಟ್ಟುವುದಕ್ಕೆ. ಇದು ಬರೀ ವೈದ್ಯಕೀಯ ವ್ಯತ್ಯಾಸವಲ್ಲ, ಧರ್ಮದ ವ್ಯತ್ಯಾಸವೂ ಹೌದು ಎಂಬುದು ನನ್ನ ವಾದ.

ಸಂಪ್ರದಾಯಸ್ಥರು ಇಲ್ಲೊಂದು ಗಟ್ಟಿ ಆಕ್ಷೇಪ ಎತ್ತಬಹುದು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ವಾರ್ಡಿಗಿಂತ ವೈದ್ಯರ ವಾರ್ಡಿನಲ್ಲೇ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆಗೆ ಬರುತ್ತಿರುವುದು ಕಾರಣವೆಂದು ಅಲ್ಲಿನ ವೈದ್ಯ ಸೆಮ್ಮೆಲ್‌ವೈಸ್ ಕಂಡುಕೊಂಡ, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ. ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಶೇ. 2ರ ಆಸುಪಾಸಿಗೆ ಇಳಿಯಿತು. ಹಾಗಾದರೆ ಸಾವಿನ ಸೂತಕ ಸರಿಯೇ ಆಯಿತಲ್ಲ? ನಮ್ಮ ವಿಜಯಪುರ ಜಿಲ್ಲೆಯದೇ ಬಸವನ ಬಾಗೇವಾಡಿಯ ಬಸವಣ್ಣನೂ ಅವನ ಸಂಗಡಿಗರೂ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ತಳ್ಳಿಹಾಕಿ ತಪ್ಪಿದರೇ? ಇಲ್ಲ. ಸೂತಕ ರಕ್ತಸಂಬಂಧ ಹಿಡಿದು ಹೋಗುತ್ತದೆ: ಹೆಣದ ಹತ್ತಿರವೂ ಸುಳಿಯದೆ ಪುಣೆಯಲ್ಲಿ ಕೂತ ದಾಯಾದಿಗೆ ಅದು ಅಂಟುತ್ತದೆ, ಹೆಣ ಕೊಯ್ದ ಪರಕೀಯ ವೈದ್ಯನಿಗೆ ಅಂಟುವುದಿಲ್ಲ. ರೋಗಾಣು ಮುಟ್ಟಿದ ಕೈ ಹಿಡಿದು ಹೋಗುತ್ತದೆ, ಗೋತ್ರ ಕೇಳುವುದಿಲ್ಲ. ಒಂದು ಕಳೆಯಲು ಹತ್ತು ದಿನ ಬೇಕು, ಇನ್ನೊಂದಕ್ಕೆ ಅರ್ಧ ನಿಮಿಷ. ಅಂದಿನ ಎಷ್ಟೋ ವೈದ್ಯರು ಸೆಮ್ಮೆಲ್‌ವೈಸ್‌ನ ಮೇಲೆ ಸಿಟ್ಟಾಗಿದ್ದಕ್ಕೆ ದೊಡ್ಡವರ ಕೈ ಮೈಲಿಗೆಯಾದೀತೇ ಎಂಬ ಅಹಂಕಾರವೂ ಒಂದು ಕಾರಣ. ಆ ಅಹಂಕಾರ ನಮಗೆ ಹೊಸದಲ್ಲ.

ಗಾಯ ಕೀವಾಗಿಸುವ ರೋಗಾಣು ಬಹಳ ಸಲ ರೋಗಿಯ ಚರ್ಮದ್ದೇ, ನರ್ಸ್ ಕೈಯನ್ನೇಕೆ ದೂರಬೇಕು ಎಂದೂ ಕೇಳಬಹುದು. ನಿಜ. ಅದಕ್ಕೇ ಆಪರೇಷನ್ನಿಗೆ ಮೊದಲೇ ಸ್ನಾನ ಮಾಡಿಸುತ್ತಾರೆ, ಕೂದಲು ತೆಗೆಯಲೇಬೇಕಾದರೆ ಬ್ಲೇಡು ಬಿಟ್ಟು ಕ್ಲಿಪ್ಪರ್ ಹಿಡಿಯುತ್ತಾರೆ, ಕೊಯ್ಯುವ ಮೊದಲೇ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಆದರೆ ಈ ಆಕ್ಷೇಪದಿಂದ ವಾದ ಇನ್ನಷ್ಟು ಬಿಗಿಯಾಗುತ್ತದೆ: ಹೊಲಸು ಪರರದೆಂಬ ಮಡಿಯ ಬುನಾದಿಯೇ ಇಲ್ಲಿ ಕುಸಿಯುತ್ತದೆ. ಇನ್ನು ಬಬಲೇಶ್ವರ ಕಡೆಯ ಮುದುಕಿಯೊಬ್ಬಳು ಮಗನ ಹೊಲಿಗೆಗೆ ಹಚ್ಚಲು ವಿಭೂತಿ ತಂದರೆ, ತಿಳಿದ ಸಿಸ್ಟರ್ ಬೈಯುವುದಿಲ್ಲ. ‘ಹಣಿಗೆ ಹಚ್ಚವ್ವ, ಗಾಯಕ್ಕ ಬ್ಯಾಡ’ ಅನ್ನುತ್ತಾಳೆ. ಭಕ್ತಿಗೂ ಗಾಯಕ್ಕೂ ಜಾಗ ಬೇರೆ ಮಾಡುವ ಈ ಮಾತಿನಷ್ಟು ವಿವೇಕ ಎಷ್ಟೋ ಪ್ರವಚನಗಳಲ್ಲಿ ಸಿಗುವುದಿಲ್ಲ.

ಸಂಬಳಕ್ಕೆ ಮಾಡುವ ಕೆಲಸಕ್ಕೆ ಧರ್ಮದ ಹೆಸರೇಕೆ ಎಂಬ ಮಾತು ನನಗೆ ಅಷ್ಟು ದೊಡ್ಡದಾಗಿ ಕಾಣದು. ಕಾಯಕ ಕೂಲಿಯನ್ನು ಎಂದೂ ಬೇಡವೆಂದಿಲ್ಲ. ಈ ಕಾಯಕದ ಫಲ ಮಾತ್ರ ವಿಚಿತ್ರ. ಕೀವಾಗದ ಗಾಯಕ್ಕೆ ಯಾರೂ ಕೈಮುಗಿಯುವುದಿಲ್ಲ, ತಾನು ಯಾರನ್ನು ಉಳಿಸಿದೆ ಎಂಬುದು ನರ್ಸ್‌ಗೂ ತಿಳಿಯದು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಶಸ್ತ್ರಕ್ರಿಯೆಯಾದವರಲ್ಲಿ ಶೇ. 11ರಷ್ಟು ಜನರಿಗೆ ಸೋಂಕಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಉಳಿದವರ ಲೆಕ್ಕ ಯಾರ ಪುಣ್ಯಕ್ಕೂ ಜಮೆಯಾಗುವುದಿಲ್ಲ. ನನ್ನನ್ನು ನಿಜಕ್ಕೂ ಕಾಡುವ ಆಕ್ಷೇಪ ಬೇರೆಯದು: ಇದನ್ನು ಧರ್ಮವೆಂದು ಹೊಗಳಿ ಹೊರೆಯನ್ನೆಲ್ಲ ನರ್ಸ್ ತಲೆಗೇ ಕಟ್ಟಿದರೆ? ನಲ್ಲಿಯಲ್ಲಿ ನೀರಿಲ್ಲದೆ, ಹ್ಯಾಂಡ್‌ರಬ್ ಬಾಟಲಿ ಖಾಲಿಯಾಗಿ, ರಾತ್ರಿ ಪಾಳಿಯಲ್ಲಿ ಒಬ್ಬಳೇ ಇಡೀ ವಾರ್ಡು ನೋಡುತ್ತಿದ್ದರೆ ತಪ್ಪು ಅವಳ ಕೈಯದಲ್ಲ. ಹೊಣೆ ಆಡಳಿತದ್ದು, ರೌಂಡ್ಸಿಗೆ ಬರುವ ದೊಡ್ಡ ಡಾಕ್ಟರದ್ದು, ಮಂಚದ ಮೇಲೇ ಕೂರುವ ಬೀಗರದ್ದೂ ಹೌದು. ಮಡಿಯಲ್ಲಿ ಇದ್ದವರನ್ನು ‘ಶುದ್ಧ ಇದ್ದೀರೇನು?’ ಎಂದು ಕೇಳಿದರೆ ಅವಮಾನ. ಇಲ್ಲಿ ತಿಕೋಟಾದ ರೈತ ‘ಸಾಹೇಬರ, ಕೈ ತೊಳಕೊಂಡೀರೇನ್ರಿ?’ ಎಂದು ಕೇಳಬಹುದು, ಡಾಕ್ಟರು ಉತ್ತರ ಕೊಡಬೇಕು.