ಸಾಂಗಲಿಯಿಂದ ಕಲ್ಯಾಣಕ್ಕೆ



ಮನೆ ಕಟ್ಟುವುದು ಎಷ್ಟು ಕಷ್ಟವೋ, ಇದ್ದ ಮನೆ ಬಿಟ್ಟು ಹೊರಡುವುದೂ ಅಷ್ಟೇ ಕಷ್ಟ. ದೀಪಾವಳಿ ಮುಗಿದ ಮೇಲೆ ನಾವು ಪೂಜ್ಯರ ಅಪ್ಪಣೆ ಪಡೆದು, ಮಠದ ಲೆಕ್ಕಪತ್ರಗಳನ್ನು ಮೂರು ದಿನ ಬದಿಗಿಟ್ಟು, ನಮ್ಮ ಅಕ್ಕನ ಸಂಸಾರವನ್ನು ಸಾಂಗಲಿಯಿಂದ ಬಸವಕಲ್ಯಾಣಕ್ಕೆ ಮುಟ್ಟಿಸಿ ಬಂದೆವು. ಆ ಪ್ರಯಾಣದಲ್ಲಿ ನಮಗೆ ತಿಳಿದುಬಂದ ಒಂದು ಮಾತನ್ನು, ನಮ್ಮ ತಪ್ಪನ್ನೂ ಮುಚ್ಚಿಡದೆ, ತಮ್ಮ ಮುಂದೆ ಇಡುತ್ತಿದ್ದೇವೆ.

ಅಕ್ಕನ ಮನೆ ಸಾಂಗಲಿಯ ಗಾಂವಭಾಗದಲ್ಲಿತ್ತು, ಕೃಷ್ಣೆಗೆ ಹತ್ತಿರ. ಭಾವನವರು ಅರಿಷಿಣದ ಅಡತಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ದಿವಾಣಜಿಯಾಗಿದ್ದವರು. 2005, 2019, 2021, ಈ ಮೂರೂ ಮಹಾಪೂರಗಳನ್ನು ಆ ಮನೆ ಕಂಡಿತು. 2019ರ ಆಗಸ್ಟಿನಲ್ಲಂತೂ ಐರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟವಾದ 45 ಅಡಿಯನ್ನು ದಾಟಿ ನೀರು 57 ಅಡಿಯನ್ನೂ ಮೀರಿತು. ಅಂದಿನಿಂದ ಕೊಯ್ನಾ ಆಣೆಕಟ್ಟಿನಿಂದ ನೀರು ಬಿಟ್ಟರೆಂಬ ಸುದ್ದಿ ಬಂದರೆ ಸಾಕು, ಅಕ್ಕನಿಗೆ ರಾತ್ರಿ ನಿದ್ದೆಯಿಲ್ಲ. ಬಸವಕಲ್ಯಾಣದಲ್ಲಿ ಅಂಗಡಿ ಹಾಕಿ ನೆಲೆನಿಂತ ಮಗ, "ಇನ್ನ ಇಲ್ಲಿಗೇ ಬಂದು ಬಿಡ್ರಿ" ಎಂದು ಕರೆದ. ಹೊರಡುವುದೆಂದು ನಿಶ್ಚಯವಾಯಿತು.

ಬೆಳಗಿನ ಜಾವ ಟೆಂಪೊ ಬಂತು. ಹಿತ್ತಾಳೆ ಹಂಡೆ, ಹಾಸಿಗೆ ಸುರುಳಿ, ಜೋಳದ ಚೀಲ, ಬೀಸುಕಲ್ಲು ಎಲ್ಲ ಏರಿದವು. ಕೊನೆಗೆ ಒಂದು ಹಳೆಯ ಮರದ ಕಪಾಟು ಉಳಿಯಿತು. ಅದರ ಮೇಲೆ ಪೂರದ ನೀರಿನ ಗೆರೆ ಇನ್ನೂ ಕಾಣುತ್ತಿತ್ತು. ಬಾಗಿಲು ಉಬ್ಬಿ ಸರಿಯಾಗಿ ಮುಚ್ಚುತ್ತಿರಲಿಲ್ಲ. "ಅಕ್ಕಾ, ಇದನ್ನ ಯಾಕ ಒಯ್ತಿ? ಬಾಡಿಗಿಗೂ ಹೊರೆ" ಎಂದೆವು. ಅಕ್ಕ ಏನೂ ಅನ್ನಲಿಲ್ಲ. ಕಪಾಟು ಏರಿತು.

ಸಾಮಾನು ಟೆಂಪೊದಲ್ಲಿ, ನಾವು ಮೂವರು ಹಿಂದೆ ಜೀಪಿನಲ್ಲಿ, ಸುಮಾರು 300 ಕಿಲೋಮೀಟರ್ ದಾರಿ. ಮಿರಜ ದಾಟಿ ಕವಠೆ ಮಹಾಂಕಾಳದ ಕಡೆಗೆ ಹೊರಳಿದರೆ ಕಬ್ಬು ಕಡಿಮೆಯಾಗಿ ಒಣ ಸೀಮೆ ತೆರೆದುಕೊಳ್ಳುತ್ತದೆ. ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಮನೆ ಮುಳುಗುತ್ತದೆ, ಇನ್ನೊಂದು ಕಡೆ ಕೊಡ ಹಿಡಿದು ಟ್ಯಾಂಕರಿನ ದಾರಿ ನೋಡುತ್ತಾರೆ. 2016ರ ಬರಗಾಲದಲ್ಲಿ ಇದೇ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋದದ್ದು ತಮಗೆಲ್ಲ ನೆನಪಿರಬಹುದು. ಇದ್ದಲ್ಲಿಂದ ಇಲ್ಲದಲ್ಲಿಗೆ ಮುಟ್ಟಿಸುವುದೇ ದಾಸೋಹವಾದರೆ, ಅದೂ ಒಂದು ದಾಸೋಹವೇ.

ಸಾಂಗೋಲೆಯ ಮುಂದೆ ಮಂಗಳವೇಢೆ. ಅಲ್ಲಿ ನೆರಳು ನೋಡಿ ಬುತ್ತಿ ಬಿಚ್ಚಿದೆವು. ಜೋಳಕ್ಕೆ ಹೆಸರಾದ ಆ ಊರಿನಲ್ಲಿ ಮನೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ಉಂಡೆವು. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಬಿಜ್ಜಳನ ಕೈಕೆಳಗೆ ಕರಣಿಕರಾಗಿ ಲೆಕ್ಕ ಬರೆದದ್ದು ಇದೇ ಊರಿನಲ್ಲಿ. ಅದನ್ನು ಹೇಳಿದಾಗ ಭಾವನವರು ನಕ್ಕು, "ಹಂಗಾರ ಅವರೂ ನಮ್ಮಂಗ ದಿವಾಣಜಿನೇ ಅನ್ರಿ" ಎಂದರು. ಬೆಳಗಿನಿಂದ ಅವರು ನಕ್ಕದ್ದು ಅದೇ ಮೊದಲು.

ವಿಚಾರ ಮಾಡಿರಿ. ಬಾಗೇವಾಡಿಯಿಂದ ಕೂಡಲಸಂಗಮ, ಸಂಗಮದಿಂದ ಮಂಗಳವೇಢೆ, ಅಲ್ಲಿಂದ ಕಲ್ಯಾಣ, ಕಡೆಗೆ ಮತ್ತೆ ಸಂಗಮ. ಅಣ್ಣನವರ ಬಾಳೂ ಒಂದೇ ಊರಿನಲ್ಲಿ ನಿಲ್ಲಲಿಲ್ಲ. ಇಷ್ಟಲಿಂಗವು ಅಂಗದ ಮೇಲಿದೆ. ಅಂಗ ಹೋದಲ್ಲಿಗೆ ಅದೂ ಬರುತ್ತದೆ. ಹೀಗಿರುವಾಗ ಊರು ಬಿಟ್ಟರೆ ದೇವರು ಬಿಟ್ಟುಹೋದನೆಂಬ ಭಯ ಲಿಂಗವಂತರಿಗೆ ಇರಬಾರದು. ಇದನ್ನೇ ಅಕ್ಕನಿಗೆ ಹೇಳಿದೆವು.

ಅಕ್ಕ ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ದೇವರು ಬಿಟ್ಟಾನಂತ ನನಗ ಭಯ ಇಲ್ಲ ತಮ್ಮಾ. ಮಂದಿ ಬಿಡ್ತಾರ."

ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿತು. 2019ರಲ್ಲಿ ನೀರು ಏರಿದಾಗ ನಾವು ಮಠದಲ್ಲಿ ಪೂರಗ್ರಸ್ತರ ದಾಸೋಹದ ಉಸ್ತುವಾರಿಯಲ್ಲಿದ್ದೆವು. ಅಕ್ಕಿ, ಬೇಳೆ, ಚಾದರಗಳ ಜಮಾ-ಖರ್ಚನ್ನು ಪೈಸೆ ತಪ್ಪದಂತೆ ಬರೆದೆವು. ಆದರೆ ಅಕ್ಕ-ಭಾವ ಎಲ್ಲಿದ್ದಾರೆಂದು ಕೇಳಲು ನಮಗೆ ಮೂರು ದಿನ ಹಿಡಿಯಿತು. ಅವರು ನೆರೆಮನೆಯ ಮಾಳಿಗೆಯ ಮೇಲೆ ಎರಡು ರಾತ್ರಿ ಕಳೆದಿದ್ದರು. ಆಗ ಅಕ್ಕ ಬೈಯಲಿಲ್ಲ, ನಾವೂ ತಪ್ಪಾಯಿತು ಎನ್ನಲಿಲ್ಲ. ಮಠದ ಕೆಲಸವಿತ್ತು ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು.

ಸೊಲ್ಲಾಪುರ, ಉಮರಗಾ ದಾಟಿ ಕಲ್ಯಾಣ ಮುಟ್ಟುವಾಗ ಕತ್ತಲಾಗಿತ್ತು. ಸಾಮಾನು ಇಳಿಸಿ ಮಲಗಿದೆವು. ಮರುದಿನವೇ ತಿರುಗಿ ಹೊರಡುವ ವಿಚಾರ ನಮ್ಮದು, ಅಳಿಯ ಬಿಡಲಿಲ್ಲ. "ಮಾಮಾ, ಒಂದಿನ ಸುಮ್ನ ಇರ್ರಿ" ಎಂದ. ಆ ಒಂದು ದಿನ ಯಾವ ಕೆಲಸವೂ ಇಲ್ಲದೆ ಊರು ನೋಡಿದೆವು. 2012ರಲ್ಲಿ ಲೋಕಾರ್ಪಣೆಗೊಂಡ 108 ಅಡಿಯ ಬಸವಣ್ಣನವರ ಮೂರ್ತಿ, ಕೋಟೆ, ಪರುಷಕಟ್ಟೆ ಕಂಡೆವು.

ನುಲಿಯ ಚಂದಯ್ಯನವರ ಗವಿಯ ಮುಂದೆ ಮಾತ್ರ ನಮ್ಮ ಕಾಲು ನಿಂತಿತು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಎತ್ತಿಕೊಳ್ಳದೆ ಕಾಯಕ ನಡೆಸಿದವರು ಅವರು ಎಂಬ ಕಥೆ ತಮಗೆ ಗೊತ್ತು. ಕೆಲಸವೇ ಮೊದಲು ಎಂಬುದಕ್ಕೆ ಇಷ್ಟು ವರ್ಷ ನಾವು ಆ ಕಥೆಯ ಆಸರೆ ಪಡೆದಿದ್ದೆವು. ಆದರೆ ಚಂದಯ್ಯನವರು ಹಗ್ಗ ಹೊಸೆದು ಮಾರಿ ಬಂದದ್ದರಲ್ಲಿ ಮಾಡಿದ್ದೇನು? ಬಾಗಿಲಿಗೆ ಬಂದ ಜಂಗಮಕ್ಕೆ ದಾಸೋಹ. ಕಾಯಕ ದೊಡ್ಡದಾದದ್ದು ಎದುರಿಗಿದ್ದ ಜೀವಕ್ಕೆ ಅದು ಮುಟ್ಟಿದ್ದರಿಂದ. ನಾವು ಕಥೆಯ ಅರ್ಧವನ್ನು ಮಾತ್ರ ಹಿಡಿದಿದ್ದೆವು.

ಸಂಜೆ ತ್ರಿಪುರಾಂತ ಕೆರೆಯ ದಂಡೆಗೆ ಅಕ್ಕನ ಜೊತೆ ಕುಳಿತೆವು. "ಅಕ್ಕಾ, ಆ ವರ್ಷ ನಾ ಬರಬೇಕಾಗಿತ್ತು. ತಪ್ಪಾತು" ಎಂದೆವು. ಅಕ್ಕ ಹೇಳಿದಳು: "ನೀ ನೂರಾರು ಮಂದಿಗೆ ಉಣ್ಣಾಕ ಹಾಕಿದಿ, ಅದು ಸಣ್ಣದಲ್ಲ. ಆ ಮಂದ್ಯಾಗ ನಾನೂ ಒಬ್ಬಾಕಿ ಅಂತ ನಿನಗ ಹೊಳೀಲಿಲ್ಲ, ಅಷ್ಟ." ಸ್ವಲ್ಪ ಹೊತ್ತಾದ ಮೇಲೆ ತಾನೇ ಅಂದಳು: "ಆ ಕಪಾಟ ನಮ್ಮವ್ವಂದು. ನಿನಗ ಮರೆತಿತ್ತು."

ಶರಣ ಬಂಧುಗಳೇ, ಅನುಭವ ಮಂಟಪದಲ್ಲಿ ಕುಳಿತವರು ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು. ದುಡಿದು ಬಂದು, ಕುಳಿತು, ಮನಸ್ಸು ಬಿಚ್ಚಿ ಮಾತನಾಡಿದರು. ಆ ಕುಳಿತುಕೊಳ್ಳುವಿಕೆ ಮೈಗಳ್ಳತನವಲ್ಲ. ಐದು ವರ್ಷಕ್ಕೂ ಮೇಲ್ಪಟ್ಟು ಮನೆಯಲ್ಲಿ ಆಡಲಾಗದ ಮಾತನ್ನು ನಾವು ಕೆರೆಯ ದಂಡೆಯಲ್ಲಿ ಒಂದು ಸಂಜೆಗೆ ಆಡಿದೆವು. ವಿಶ್ರಾಂತಿಗೂ ಒಂದು ಫಲವಿದೆ.

ಆದ್ದರಿಂದ ತಮ್ಮಲ್ಲಿ ನಮ್ಮ ಅರಿಕೆ ಇಷ್ಟೇ. ತಮ್ಮ ಬಳಗದಲ್ಲಿ ಯಾರಾದರೂ ಮನೆ ಬದಲಿಸುತ್ತಿದ್ದರೆ ಬಾಡಿಗೆಯ ಹಣ ಕೊಟ್ಟು ಮುಗಿಸಬೇಡಿರಿ. ಸಾಮಾನಿನ ಜೊತೆ ತಾವೂ ಹೋಗಿರಿ, ಇಳಿಸಿ ಒಂದು ದಿನ ಅವರಲ್ಲಿ ಇದ್ದು ಬನ್ನಿರಿ. ವಯಸ್ಸಾದವರು ಹಳೆಯ ವಸ್ತುವೊಂದನ್ನು ಬಿಡಲೊಲ್ಲೆ ಎಂದರೆ ಹೊರೆ ಎನ್ನಬೇಡಿರಿ. ಆಷಾಢ, ಶ್ರಾವಣದಲ್ಲಿ ಕೃಷ್ಣೆ ಏರಿದಾಗ ಮಠಕ್ಕೆ ಸೇವೆಗೆ ಬರುವ ಮೊದಲು ಅಕ್ಕ-ತಂಗಿಯರಿಗೆ, ಮುದುಕರಿಗೆ, ನೆರೆಮನೆಯವರಿಗೆ ಒಂದು ಫೋನ್ ಮಾಡಿ ಬನ್ನಿರಿ. ಮಠದ ದಾಸೋಹ ಅದರಿಂದ ಕಡಿಮೆಯಾಗುವುದಿಲ್ಲ. ದಾಸೋಹದ ಪಂಕ್ತಿ ಮನೆಯಿಂದಲೇ ಹಿಡಿಯಬೇಕು.

ಶರಣು ಶರಣಾರ್ಥಿ.

— ಕಾರ್ಯದರ್ಶಿ