ವರ್ಷದ ಮೊದಲ ದಿನದ ನಂಬಿಕೆಗಳು

ಚೈತ್ರ ಶುದ್ಧ ಪಾಡ್ಯದಂದು ಬ್ರಹ್ಮನು ಸೃಷ್ಟಿಗೆ ತೊಡಗಿದನೆಂಬುದು ಪುರಾಣದ ಮಾತು. ಚಾಂದ್ರಮಾನ ಪಂಚಾಂಗವನ್ನು ಹಿಡಿದವರಿಗೆ ಅದೇ ಯುಗಾದಿ. ತುಳುನಾಡಿನವರು ಸೌರಮಾನದ ಲೆಕ್ಕದಲ್ಲಿ ಏಪ್ರಿಲ್ ನಡುವೆ ಬಿಸು ಆಚರಿಸುತ್ತಾರೆ. ಎರಡೂ ಕಡೆಯ ಜನಪದ ನಂಬಿಕೆಗಳಿಗೆ ಬೇರು ಒಂದೇ: ಮೊದಲ ದಿನ ಹೇಗೋ ವರ್ಷವೆಲ್ಲ ಹಾಗೆ. ಈ ಬೇರಿನಿಂದ ಒಳ್ಳೆಯ ನಡತೆಯೂ ಚಿಗುರಿದೆ, ಅಂಜಿಕೆಯೂ ಚಿಗುರಿದೆ.

ಭವಿಷ್ಯ ತಿಳಿಯುವ ಆಸೆ ಹಬ್ಬದ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ಧಾರವಾಡ ತಾಲ್ಲೂಕಿನ ಹನುಮನಕೊಪ್ಪದಲ್ಲಿ ಅಮಾವಾಸ್ಯೆಯ ಸಂಜೆ ತುಪ್ಪರಿ ಹಳ್ಳದ ದಂಡೆಯ ಮೇಲೆ ಮಣ್ಣಿನ ಬೊಂಬೆಗಳನ್ನು ಮಾಡಿಟ್ಟು, ಸುತ್ತ ಕಾಳುಕಡಿ ಇಟ್ಟು ಬರುತ್ತಾರೆ. ಪಾಡ್ಯದ ನಸುಕಿನಲ್ಲಿ ಊರವರೆಲ್ಲ ಅಲ್ಲಿ ಸೇರುತ್ತಾರೆ. ಯಾವ ಕಾಳು ಕದಲಿದೆ, ಯಾವ ಬೊಂಬೆಗೆ ಊನವಾಗಿದೆ ಎಂದು ನೋಡಿ ಮಳೆ, ಬೆಳೆ, ರಾಜಕೀಯದವರೆಗೂ ಫಲ ಹೇಳುತ್ತಾರೆ. ರಾತ್ರಿಯ ಗಾಳಿ, ಇಬ್ಬನಿ, ಇರುವೆಗಳ ಓಡಾಟ ಕಾಳನ್ನು ಕದಲಿಸಬಲ್ಲವು. ಆದರೂ ಮಳೆಯನ್ನೇ ನಂಬಿದ ರೈತರು ಬಿತ್ತನೆಗೆ ಮುನ್ನ ಒಂದೆಡೆ ಕೂತು ಬೆಳೆಯ ಮಾತಾಡುವುದರ ಬೆಲೆ ಇದರಿಂದ ಕಡಿಮೆಯಾಗದು.

ಬೆಳಗ್ಗೆ ಮಾವಿನ ತೋರಣದ ಕೆಳಗೆ ಮನೆಮಂದಿಯನ್ನೆಲ್ಲ ಮಣೆಯ ಮೇಲೆ ಕೂರಿಸಿ, ಹಿರಿಯರು ನೆತ್ತಿಗೆ ಎಣ್ಣೆಯೊತ್ತಿ ಅಭ್ಯಂಜನ ಮಾಡಿಸುತ್ತಾರೆ. ಬಿಸುವಿನ ಮನೆಗಳಲ್ಲಾದರೆ ಎದ್ದವರ ಕಣ್ಣು ಮೊದಲು ಕಣಿಯ ಮೇಲೆ ಬೀಳಬೇಕು. ಅಕ್ಕಿ, ತೆಂಗಿನಕಾಯಿ, ಹಣ್ಣು, ತರಕಾರಿ, ಚಿನ್ನ, ನಡುವೆ ಕನ್ನಡಿ: ತನ್ನ ಮುಖವನ್ನೂ ಭೂಮಿಯ ಫಸಲನ್ನೂ ಒಟ್ಟಿಗೆ ಕಂಡು ದಿನ ಆರಂಭಿಸುವ ಈ ರೂಢಿ ಬಹು ಸುಂದರವಾದುದು.

ಆಮೇಲೆ ಬೇವು-ಬೆಲ್ಲ. ಎಳೆ ಬೇವಿನ ಹೂವು, ಚಿಗುರುಗಳನ್ನು ಬೆಲ್ಲದೊಡನೆ ಕಲಸಿ ದೇವರಿಗಿಟ್ಟು ಹಂಚುತ್ತಾರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹುಣಸೆಹುಳಿ, ಬೆಲ್ಲ, ಪುಟಾಣಿ ಹಿಟ್ಟು ಸೇರಿಸಿ ಇದನ್ನು ಪಾನಕದಂತೆ ಕುಡಿಯುವುದುಂಟು. ಬೆಲ್ಲವನ್ನಷ್ಟೇ ಆರಿಸಿ ತಿಂದರೆ ಹಿರಿಯರು ಒಪ್ಪುವುದಿಲ್ಲ. ಸುಖದುಃಖಗಳನ್ನು, ಲಾಭನಷ್ಟಗಳನ್ನು ಸಮನಾಗಿ ಕಾಣಬೇಕೆಂದು ಕೃಷ್ಣನು ಗೀತೆಯ 2ನೆಯ ಅಧ್ಯಾಯದಲ್ಲಿ ಅರ್ಜುನನಿಗೆ ಹೇಳಿದ್ದು ಈ ಒಂದು ತುತ್ತಿನಲ್ಲಿ ಮಗುವಿನ ನಾಲಿಗೆಗೂ ತಲುಪುತ್ತದೆ. ಶುಭವನ್ನೇ ಬೇಡುವ ದಿನದಂದು ಕಹಿಯನ್ನೂ ಕೈಚಾಚಿ ಪಡೆಯುವ ಈ ಆಚರಣೆ ಯುಗಾದಿಯ ಉಳಿದೆಲ್ಲ ಆಚರಣೆಗಳಿಗಿಂತ ದೊಡ್ಡದು.

ಪಂಚಾಂಗ ಶ್ರವಣಕ್ಕೆ ದೇವಸ್ಥಾನದಲ್ಲಿ ಜನ ಸೇರುವುದು ಸಂವತ್ಸರದ ರಾಜ, ಮಂತ್ರಿ, ಸಸ್ಯಾಧಿಪತಿ ಯಾರೆಂದು ಕೇಳಲು, ತಮ್ಮ ರಾಶಿಯ ಆಯ-ವ್ಯಯ ತಿಳಿಯಲು. ಶನಿಯೋ ಕುಜನೋ ರಾಜನೆಂದರೆ ಹಲವರ ಮುಖ ಬಾಡುತ್ತದೆ. ರಾಜನನ್ನು ಗೊತ್ತುಮಾಡುವ ಕ್ರಮವಾದರೋ ಬಹಳ ಸರಳ: ಯುಗಾದಿ ಬಿದ್ದ ವಾರದ ಅಧಿಪತಿಯೇ ರಾಜ. 2024ರಲ್ಲಿ ಹಬ್ಬ ಮಂಗಳವಾರ ಬಂತು, ಕುಜ ರಾಜನಾದ. 2025ರಲ್ಲಿ ಭಾನುವಾರ, ಸೂರ್ಯ ರಾಜ. ವಾರ ನೋಡಿ ಬಂದ ಹೆಸರಿಗೆ ಅಂಜಿ ಮಗಳ ಮದುವೆ ಮುಂದೂಡುವುದು, ಕೈಗೂಡಿದ ಕೆಲಸ ಬಿಡುವುದು ಭಕ್ತಿಯಲ್ಲ. 12ನೆಯ ಶತಮಾನದಲ್ಲೇ ಬಸವಣ್ಣನವರು, ತಮ್ಮವರು ಕೇಳಿದ ಹೊತ್ತೇ ಶುಭಲಗ್ನವೆಂದು ತಿಳಿಯಬೇಕೆಂದು ವಚನದಲ್ಲಿ ಸಾರಿದರು. ಗ್ರಹಬಲವನ್ನೆಲ್ಲ ಹರಿಯಲ್ಲೇ ಕಂಡ ದಾಸರ ನಿಲುವೂ ಇದಕ್ಕೆ ದೂರವಿಲ್ಲ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಎತ್ತುಗಳ ಮೈತೊಳೆದು, ಸಿಂಗರಿಸಿ, ಹೊನ್ನಾರು ಕಟ್ಟಿ ವರ್ಷದ ಮೊದಲ ಸಾಲು ಉಳುತ್ತಾರೆ. ಸಂಜೆ ಪಡುವಣದಲ್ಲಿ ಹೊಸ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆರಗುತ್ತಾರೆ. ಪಾಡ್ಯದಂದು ಕಾಣದಿದ್ದರೆ ಬಿದಿಗೆಗೆ. ಚಂದ್ರನ ಯಾವ ಕೋಡು ಮೇಲಿದೆ ಎಂದು ನೋಡಿ ಮಳೆಯನ್ನೂ ಧಾರಣೆಯನ್ನೂ ಊಹಿಸುವುದು ವಾಡಿಕೆ. ವಸಂತದ ಸಂಜೆ ನಮ್ಮ ಸೀಮೆಯಲ್ಲಿ ಕ್ರಾಂತಿವೃತ್ತ ಪಡುವಣ ದಿಗಂತಕ್ಕೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುವುದರಿಂದ ಬಿದಿಗೆಯ ಚಂದ್ರ ದೋಣಿಯಂತೆ ಮಲಗಿರುತ್ತಾನೆ. ವರ್ಷದಿಂದ ವರ್ಷಕ್ಕೆ ಕಾಣುವ ಅಲ್ಪಸ್ವಲ್ಪ ಓರೆ ಅವನ ಪಥದ್ದು. ಸಂತೆಯ ಧಾರಣೆಗೂ ಅದಕ್ಕೂ ನಂಟಿಲ್ಲ.

ಇನ್ನು ನಿಷೇಧಗಳು. ಹಬ್ಬದ ದಿನ ಅಳಬಾರದು, ಜಗಳವಾಡಬಾರದು, ಮಕ್ಕಳಿಗೆ ಹೊಡೆಯಬಾರದು. ಅತ್ತರೆ ವರ್ಷವಿಡೀ ಅಳು ತಪ್ಪದೆಂಬ ಹೆದರಿಕೆಯಿಂದಾದರೂ ಆ ಒಂದು ದಿನ ಮನೆಯಲ್ಲಿ ಗದ್ದಲವಿರುವುದಿಲ್ಲ. ಅಂದು ಯಾರಿಗೂ ಸಾಲ ಕೊಡಬಾರದೆಂಬುದನ್ನು ಮಾತ್ರ ಹಾಗೆ ಒಪ್ಪಲಾಗದು. ನೆರೆಮನೆಯಲ್ಲಿ ಕಾಯಿಲೆಯಾಗಿ ದುಡ್ಡು ಬೇಕೆಂದು ಬಂದವರನ್ನು ಬರಿಗೈಯಲ್ಲಿ ಕಳುಹಿಸಿದರೆ ಯಾವ ಲಕ್ಷ್ಮಿಯೂ ಮೆಚ್ಚಳು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಬೆಳಗ್ಗೆ ಎದುರಾದರೆ ಅಪಶಕುನವೆಂಬುದಂತೂ ಶುದ್ಧ ಅಧರ್ಮ. ಮನೆಗಾಗಿ ಬದುಕನ್ನೇ ತೇಯ್ದ ತಾಯಿಯನ್ನು ಹಬ್ಬದ ದಿನ ಒಳಕೋಣೆಯಲ್ಲಿ ಕೂರಿಸಿದವರು, ಸಕಲ ಜೀವಿಗಳಲ್ಲೂ ಸಮನಾಗಿ ನೆಲೆಸಿರುವನೆಂದು ಗೀತೆ ಹೇಳುವ ಪರಮೇಶ್ವರನನ್ನು ಪೂಜೆಯ ಪೀಠದಲ್ಲಿ ಹುಡುಕಿ ಫಲವಿಲ್ಲ.

ಮರುದಿನ ಹೊಸತೊಡಕು. ಅಂದು ತೊಡಗಿದ ಕೆಲಸ ವರ್ಷವಿಡೀ ಕೈಹಿಡಿಯುತ್ತದೆಂದು ನಂಬಿಕೆ. ಮಂಡ್ಯ, ರಾಮನಗರದ ಕಡೆ ಮನೆಮನೆಯವರು ಚೀಟಿ ಕಟ್ಟಿ ಹಣ ಕೂಡಿಸಿ, ಮಾಂಸವನ್ನು ಸಮನಾದ ಗುಡ್ಡೆಗಳಾಗಿ ಪಾಲು ಹಾಕಿಕೊಳ್ಳುತ್ತಾರೆ. ಬಡವನ ಪಾಲೂ ಶ್ರೀಮಂತನ ಪಾಲೂ ಒಂದೇ ತೂಕ. ಮಾಂಸ ತಿನ್ನದ ಮನೆಗಳಲ್ಲಿ ಹಿಂದಿನ ದಿನದ ಒಬ್ಬಟ್ಟಿನ ಸಾರು ಅಂದು ಇನ್ನಷ್ಟು ರುಚಿಗಟ್ಟಿರುತ್ತದೆ. ಇದೇ ದಿನ ಅರಳಿಕಟ್ಟೆಗಳಲ್ಲಿ ಇಸ್ಪೀಟಿನ ಜೂಜೂ ನಡೆಯುತ್ತದೆ, ಹಬ್ಬದ ಹೆಸರಿನಲ್ಲಿ ಅದಕ್ಕೆ ಮಾಫಿ ಸಿಗುತ್ತದೆ. ತೊಡಗಿದ್ದು ವರ್ಷವಿಡೀ ಮುಂದುವರಿಯುವುದೆಂದು ನಂಬುವವರು ಜೂಜಿನಿಂದ ವರ್ಷಕ್ಕೆ ತೊಡಗಬಾರದು. ಪಗಡೆಯ ಹಾಸಿನ ಮೇಲೆ ಧರ್ಮರಾಯನು ರಾಜ್ಯವನ್ನೂ ತಮ್ಮಂದಿರನ್ನೂ ದ್ರೌಪದಿಯನ್ನೂ ಸೋತ ಕಥೆ ಅದೇ ಕಟ್ಟೆಯ ಮೇಲೆ ಎಷ್ಟೋ ಸಲ ಓದಿಸಿ ಕೇಳಿದ್ದೇ ಆಗಿದೆ.