ಎದ್ದನೋ, ಎದ್ದಿದ್ದಾನೋ

ಇಂಗ್ಲಿಷಿನ ಸಿಂಪಲ್ ಪಾಸ್ಟ್ ಮತ್ತು ಪ್ರೆಸೆಂಟ್ ಪರ್ಫೆಕ್ಟ್ ಎರಡೂ ನಡೆದುಹೋದ ಸಂಗತಿಯನ್ನೇ ಹೇಳುತ್ತವೆ. ಮೊದಲನೆಯದು ಆ ಸಂಗತಿಯನ್ನು ಅದು ನಡೆದ ಹೊತ್ತಿನಲ್ಲೇ ಇಟ್ಟು ಮಾತಾಡುತ್ತದೆ. ಎರಡನೆಯದು ಅದನ್ನು ಮಾತಾಡುತ್ತಿರುವ ಗಳಿಗೆಗೆ ತಂದು ಕಟ್ಟುತ್ತದೆ. ‘ಐ ಲಾಸ್ಟ್ ದ ಕೀ’ ಎಂದವನಿಗೆ ಕೀಲಿಕೈ ಆಮೇಲೆ ಸಿಕ್ಕಿರಲೂಬಹುದು. ‘ಐ ಹ್ಯಾವ್ ಲಾಸ್ಟ್ ದ ಕೀ’ ಎಂದವನಿಗೆ ಅದು ಇನ್ನೂ ಸಿಕ್ಕಿಲ್ಲ. ತತ್ತ್ವಜ್ಞಾನಿ ಹಾನ್ಸ್ ರೈಷನ್‌ಬಾಖ್ 1947ರಲ್ಲಿ ಇದನ್ನು ಮೂರು ಹೊತ್ತುಗಳ ಲೆಕ್ಕದಲ್ಲಿ ವಿವರಿಸಿದರು: ಘಟನೆಯ ಹೊತ್ತು, ಮಾತಿನ ಹೊತ್ತು, ಮಾತಾಡುವವನು ನಿಂತು ನೋಡುವ ಹೊತ್ತು. ಸಿಂಪಲ್ ಪಾಸ್ಟ್‌ನಲ್ಲಿ ನೋಡುವ ಹೊತ್ತು ಘಟನೆಯ ಜೊತೆಗಿರುತ್ತದೆ, ಪರ್ಫೆಕ್ಟ್‌ನಲ್ಲಿ ಮಾತಿನ ಜೊತೆಗಿರುತ್ತದೆ. ಹೀಗಾಗಿ ಯಾವ ರೂಪ ಬೇಕೆಂಬುದನ್ನು ಗಡಿಯಾರವೊಂದೇ ತೀರ್ಮಾನಿಸಲಾರದು. ಆಗಿಹೋದದ್ದರಲ್ಲಿ ಈಗಲೂ ಉಳಿದಿರುವುದು ಏನು ಎಂಬ ನಂಬಿಕೆಯೂ ಆ ಆಯ್ಕೆಯಲ್ಲಿ ಸೇರಿರುತ್ತದೆ.

ಇಂಗ್ಲಿಷಿನ ಪರ್ಫೆಕ್ಟ್‌ಗೆ ಎರಡು ಕಟ್ಟುಗಳಿವೆ. ಮೊದಲನೆಯದು ಶಾಲೆಯಲ್ಲಿ ಕಲಿಸುವಂಥದು: ನಿನ್ನೆ, ಹೋದ ವರ್ಷ, ಮೂರನೆಯ ದಿನ ಎಂದು ಕಾಲವನ್ನು ಗುರುತಿಸಿದ ಮೇಲೆ ಪರ್ಫೆಕ್ಟ್ ಬರುವಂತಿಲ್ಲ. ಎರಡನೆಯದು ಸೂಕ್ಷ್ಮವಾದದ್ದು. ಐನ್‌ಸ್ಟೈನ್ 1955ರಲ್ಲಿ ತೀರಿಕೊಂಡರು. ಅವರನ್ನು ಕರ್ತೃವಾಗಿಟ್ಟು ‘ಹ್ಯಾಸ್ ವಿಸಿಟೆಡ್ ಪ್ರಿನ್ಸ್‌ಟನ್’ ಎಂದರೆ ಇಂಗ್ಲಿಷ್ ಕಿವಿಗೆ ಒಗ್ಗುವುದಿಲ್ಲ. ಪ್ರಿನ್ಸ್‌ಟನ್ನನ್ನೇ ಕರ್ತೃವಾಗಿಸಿ, ಅದು ಐನ್‌ಸ್ಟೈನರಿಂದ ‘ಹ್ಯಾಸ್ ಬೀನ್ ವಿಸಿಟೆಡ್’ ಎಂದರೆ ತೊಡಕಿಲ್ಲ, ಊರು ಇನ್ನೂ ಇದೆಯಲ್ಲ. ನೋಮ್ ಚಾಮ್‌ಸ್ಕಿ ಎತ್ತಿ ತೋರಿಸಿದ ಈ ವ್ಯತ್ಯಾಸ ಹೇಳುವುದಿಷ್ಟು: ಯಾರ ಬಗ್ಗೆ ಮಾತೋ ಅವರು ಬದುಕಿರಬೇಕೆಂದು ಈ ರೂಪ ಸಾಮಾನ್ಯವಾಗಿ ಬಯಸುತ್ತದೆ. ಕನ್ನಡಕ್ಕೆ ಈ ಎರಡು ಕಟ್ಟುಗಳೂ ಇಲ್ಲ. ‘ನಿನ್ನೆ ಬಂದಿದ್ದಾನೆ’ ಎನ್ನಬಹುದು, ‘ಬಸವಣ್ಣನವರು ಹೇಳಿದ್ದಾರೆ’ ಎಂದೂ ಎನ್ನಬಹುದು. ಕನ್ನಡಿಗರು ಇಂಗ್ಲಿಷ್ ಬರೆಯುವಾಗ ನಿನ್ನೆಯ ಜೊತೆ ‘ಹ್ಯಾವ್ ಸೀನ್’ ಸೇರಿಕೊಳ್ಳುವುದು ಅಜ್ಞಾನದಿಂದ ಎನ್ನುವುದು ಸರಿಯಲ್ಲ. ತಾಯ್ನುಡಿ ಒಪ್ಪಿದ ಜೋಡಣೆಯದು.

ಈ ಎರಡೂ ಕಟ್ಟುಗಳು ಒಂದೇ ವಾಕ್ಯದ ಮೇಲೆ ಬಿದ್ದು, ವ್ಯಾಕರಣದ ಆಯ್ಕೆ ಧರ್ಮದ ಪ್ರಶ್ನೆಯಾಗಿಬಿಡುವ ಜಾಗವೊಂದು ಬೈಬಲಿನಲ್ಲಿದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯವದು. ಕ್ರಿಸ್ತನ ವಿಷಯದಲ್ಲಿ ತನಗೆ ಬಂದ ಉಪದೇಶವನ್ನು ಪೌಲನು ಅಲ್ಲಿ ನಾಲ್ಕು ಕ್ರಿಯಾಪದಗಳಲ್ಲಿ ಹೇಳುತ್ತಾನೆ: ಸತ್ತದ್ದು, ಹೂಣಲ್ಪಟ್ಟದ್ದು, ಮೂರನೆಯ ದಿನ ಎಬ್ಬಿಸಲ್ಪಟ್ಟದ್ದು, ಕೇಫನಿಗೆ ಕಾಣಿಸಿಕೊಂಡದ್ದು. ಗ್ರೀಕ್ ಮೂಲದಲ್ಲಿ ಇವುಗಳಲ್ಲಿ ಮೂರು ಅಯೊರಿಸ್ಟ್ ರೂಪದಲ್ಲಿವೆ. ಕ್ರಿಯೆ ನಡೆಯಿತು ಎಂದಷ್ಟೇ ಹೇಳುವ ರೂಪ ಅದು. ಎಬ್ಬಿಸಲ್ಪಟ್ಟದ್ದು ಮಾತ್ರ ಪರ್ಫೆಕ್ಟ್‌ನಲ್ಲಿದೆ: ‘ಎಗೇಗೆರ್ತಾಯ್’. ಎಬ್ಬಿಸಲ್ಪಟ್ಟವನು ಎದ್ದೇ ಇದ್ದಾನೆ ಎಂಬ ಅರ್ಥ ಅದರೊಳಗಿದೆ. ಸಾವು ಮುಗಿದ ಸಂಗತಿ, ಸಮಾಧಿ ಮುಗಿದ ಸಂಗತಿ, ಪುನರುತ್ಥಾನ ಮುಗಿಯದ್ದು. ಇದೇ ರೂಪ ಆ ಅಧ್ಯಾಯದಲ್ಲಿ ಏಳು ಸಲ ಬರುತ್ತದೆ. 15ನೆಯ ವಚನದಲ್ಲಿ ಎಬ್ಬಿಸಿದ ದೇವರನ್ನೇ ಕರ್ತೃವಾಗಿಟ್ಟು ಹೇಳುವಾಗ ಪೌಲನು ಅಯೊರಿಸ್ಟ್‌ಗೆ ಹೊರಳುತ್ತಾನೆ: ಎಬ್ಬಿಸಿದ್ದು ಒಂದು ಕ್ರಿಯೆ, ಎದ್ದವನದು ಒಂದು ಸ್ಥಿತಿ. ಇಷ್ಟು ಎಚ್ಚರದ ಬರವಣಿಗೆಯನ್ನು ಆಕಸ್ಮಿಕ ಎನ್ನುವುದು ಕಷ್ಟ.

ಗ್ರೀಕ್ ಪರ್ಫೆಕ್ಟ್‌ಗೆ ‘ಮೂರನೆಯ ದಿನ’ ಎಂಬ ಗುರುತು ಅಡ್ಡಿಯಾಗಲಿಲ್ಲ. ಇಂಗ್ಲಿಷಿಗೆ ಅಡ್ಡಿಯಾಯಿತು. 1611ರ ಕಿಂಗ್ ಜೇಮ್ಸ್ ಅನುವಾದ ದಿನವನ್ನು ಉಳಿಸಿಕೊಂಡು ‘ರೋಸ್’ ಎಂಬ ಸಿಂಪಲ್ ಪಾಸ್ಟ್ ಹಾಕಿತು. ಮೂಲಕ್ಕೆ ಅಕ್ಷರಶಃ ನಿಷ್ಠರಾಗಿರಲು ಹೊರಟ 1881ರ ಪರಿಷ್ಕಾರಕರು ‘ಹ್ಯಾತ್ ಬೀನ್ ರೈಸ್ಡ್’ ಎಂದು ಬರೆದು, ಅದರ ಪಕ್ಕದಲ್ಲೇ ಮೂರನೆಯ ದಿನವನ್ನೂ ಇಟ್ಟರು. ಗ್ರೀಕ್ ಉಳಿಯಿತು, ಇಂಗ್ಲಿಷ್ ಕೆಟ್ಟಿತು. 1946ರ ರಿವೈಸ್ಡ್ ಸ್ಟ್ಯಾಂಡರ್ಡ್ ಅನುವಾದ ಮತ್ತೆ ‘ವಾಸ್ ರೈಸ್ಡ್’ಗೆ ಮರಳಿತು. ಕೆಟ್ಟ ಇಂಗ್ಲಿಷ್ ಬರೆದ 1881ರವರ ಮೇಲೆ ಗೌರವ ಹುಟ್ಟುತ್ತದೆ: ಭಾಷೆ ಬೇರೆ ಮಾಡುವ ಎರಡು ಸತ್ಯಗಳಲ್ಲಿ ಒಂದನ್ನೂ ಬಿಡಲು ಅವರು ಸಿದ್ಧರಿರಲಿಲ್ಲ.

ಹಾಗೆಂದು ಕಾಲರೂಪದ ಮೇಲೆ ಇಡೀ ಸಿದ್ಧಾಂತವನ್ನೇ ಹೊರಿಸಬಾರದು. ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ, ಬರಿದಾದ ಸಮಾಧಿಯೊಳಗೆ ಹೆಂಗಸರಿಗೆ ಕೇಳುವ ಸುದ್ದಿ ಗ್ರೀಕಿನಲ್ಲಿ ಅಯೊರಿಸ್ಟ್‌ನಲ್ಲಿದೆ. ಇಂಗ್ಲಿಷ್ ಅದನ್ನು ‘ಹ್ಯಾಸ್ ರಿಸನ್’ ಎಂದು ಪರ್ಫೆಕ್ಟ್ ಮಾಡುತ್ತದೆ. ಆಗಷ್ಟೇ ತಲುಪಿದ ಸುದ್ದಿಯನ್ನು ಇಂಗ್ಲಿಷ್ ಹೇಳುವುದೇ ಹಾಗೆ. ಆರ್ಥೊಡಾಕ್ಸ್ ಚರ್ಚುಗಳಲ್ಲಿ ಈಸ್ಟರ್ ದಿನ ಒಬ್ಬರಿಗೊಬ್ಬರು ಹೇಳುವ ‘ಕ್ರಿಸ್ಟೋಸ್ ಅನೇಸ್ತಿ’ ಕೂಡ ಅಯೊರಿಸ್ಟ್. ಹಾಗೆ ಹೇಳುವವರ ನಂಬಿಕೆಯಲ್ಲಿ ಕ್ರಿಸ್ತನು ಹಿಂದೆಂದೋ ಎದ್ದು ಮರೆಯಾದವನಲ್ಲ. ಇಂಗ್ಲಿಷಿನಲ್ಲಿ ಅದೇ ಶುಭಾಶಯ ‘ಈಸ್ ರಿಸನ್’ ಆಗಿದೆ. ಬರುವ, ಹೋಗುವ, ಏಳುವ ಕ್ರಿಯೆಗಳಿಗೆ ‘ಹ್ಯಾವ್’ ಬದಲು ‘ಬಿ’ ಸೇರಿಸುತ್ತಿದ್ದ ಹಳೆಯ ಪರ್ಫೆಕ್ಟ್‌ನ ಉಳಿಕೆ ಅದು. ಇಂದಿನ ಕಿವಿಗೆ ಅದು ಬರೀ ಸ್ಥಿತಿಯಾಗಿ ಕೇಳುತ್ತದೆ.

ಪ್ರಶ್ನೆ ಇರುವುದು ಇಲ್ಲೇ. ಪುನರುತ್ಥಾನವೆಂದರೆ ತಾರೀಖು ಇರುವ ಘಟನೆಯೋ, ಈಗ ಇರುವ ಸ್ಥಿತಿಯೋ? ಜರ್ಮನ್ ದೇವತಾಶಾಸ್ತ್ರಜ್ಞ ರುಡಾಲ್ಫ್ ಬುಲ್ಟ್‌ಮನ್ 1941ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಭಾರವನ್ನೆಲ್ಲ ವರ್ತಮಾನದ ಕಡೆಗೆ ಸರಿಸಿದರು: ಎದ್ದ ಕ್ರಿಸ್ತನು ಸಿಗುವುದು ಸಾರುವ ವಾಕ್ಯದಲ್ಲಿ, ಕೇಳಿದವನು ಕೊಡುವ ಉತ್ತರದಲ್ಲಿ. ಇಂಗ್ಲೆಂಡಿನ ಎನ್. ಟಿ. ರೈಟ್ 2003ರ ತಮ್ಮ ದೊಡ್ಡ ಗ್ರಂಥದಲ್ಲಿ ಎದುರು ಪಕ್ಷ ಹಿಡಿದು, ಚರಿತ್ರೆಯಲ್ಲಿ ನಿಜವಾಗಿ ಏನೋ ನಡೆಯದೆ ಈ ನಂಬಿಕೆ ಹುಟ್ಟುವುದು ಸಾಧ್ಯವಿರಲಿಲ್ಲ ಎಂದು ವಾದಿಸಿದರು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಒಬ್ಬರು ತಾರೀಖಿಲ್ಲದ ಪರ್ಫೆಕ್ಟ್ ಕಡೆಗೆ, ಇನ್ನೊಬ್ಬರು ತಾರೀಖಿರುವ ಪಾಸ್ಟ್ ಕಡೆಗೆ ವಾಲುತ್ತಾರೆ.

ಪೌಲನ ವಾಕ್ಯ ಯಾವ ಒಂದು ಕಡೆಗೂ ಪೂರ್ತಿ ಒಲಿಯುವುದಿಲ್ಲ. ದಿನವನ್ನು ಅವನು ಬಿಡಲಿಲ್ಲ, ಕಂಡವರ ಪಟ್ಟಿಯನ್ನೂ ಕೊಟ್ಟ: ಐನೂರಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹಳಷ್ಟು ಜನ ಬದುಕಿದ್ದಾರೆ ಎಂದ. ನಡೆದದ್ದನ್ನು ವಿಚಾರಿಸಿಕೊಳ್ಳಬಹುದು ಎನ್ನುವವನ ಮಾತು ಇದು. ಆದರೆ ಕೇವಲ ಒಂದು ದಿನ ನಡೆದು ಅಲ್ಲೇ ಮುಗಿದಿದ್ದರೆ ಅವನ ವಾದ ನಿಲ್ಲುತ್ತಿರಲಿಲ್ಲ. ಕ್ರಿಸ್ತನು ಎದ್ದಿಲ್ಲವಾದರೆ ನಂಬಿದವರು ಇನ್ನೂ ಪಾಪದಲ್ಲೇ ಇದ್ದಾರೆ ಎನ್ನುವಾಗ ಅವನು ಹೇಳುತ್ತಿರುವುದು ಈಗಿನ ಸ್ಥಿತಿಯನ್ನು. ಐನ್‌ಸ್ಟೈನರ ವಿಷಯದಲ್ಲಿ ಪರ್ಫೆಕ್ಟ್ ಒಪ್ಪದ ಇಂಗ್ಲಿಷ್, ಒಂದನೆಯ ಶತಮಾನದಲ್ಲಿ ಶಿಲುಬೆಯ ಮೇಲೆ ಸತ್ತವನ ವಿಷಯದಲ್ಲಿ ಒಪ್ಪಬೇಕಾದರೆ ಅವನು ಬದುಕಿದ್ದಾನೆ ಎಂದು ಮೊದಲು ಒಪ್ಪಿಕೊಳ್ಳಬೇಕು. ನಂಬುವವನಿಗೆ ಅದು ಸಹಜವಾದ ವ್ಯಾಕರಣ. ನಂಬದವನಿಗೆ ಸಿಂಪಲ್ ಪಾಸ್ಟ್‌ನಲ್ಲಿ ಹೇಳಿದ ಒಂದು ಹಳೆಯ ಸಮುದಾಯದ ಹೇಳಿಕೆ.

ಬಹುಪಾಲು ಇಂಗ್ಲಿಷ್ ಅನುವಾದಗಳು ಈಗ ಈ ತೊಡಕನ್ನು ಹಂಚಿಕೊಂಡು ನಿಭಾಯಿಸುತ್ತವೆ. ದಿನದ ಗುರುತಿರುವ 4ನೆಯ ವಚನದಲ್ಲಿ ‘ವಾಸ್ ರೈಸ್ಡ್’. ದಿನದ ಗುರುತು ಬಿಟ್ಟು ‘ಈಗಲೋ’ ಎಂಬರ್ಥದ ಗ್ರೀಕ್ ಪದದಿಂದ ಶುರುವಾಗುವ 20ನೆಯ ವಚನದಲ್ಲಿ ‘ಹ್ಯಾಸ್ ಬೀನ್ ರೈಸ್ಡ್’. ಗ್ರೀಕಿನಲ್ಲಿ ಎರಡು ಕಡೆಯೂ ಇರುವುದು ಒಂದೇ ಪದ.